ಯುದ್ಧ ಮುಗಿದರೂ ಆಕೆಗೆ ಮುಗಿಯದು

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಹ. ವಾಇಲ್ ಬಿನ್ ಹುಜ್ರ್(ರ) ವರದಿ ಮಾಡಿದ್ದಾರೆ. ತಿರ್ಮಿದಿ ಮತ್ತು ಅಬೂದಾವೂದ್ ಹದೀಸ್ ಗ್ರಂಥಗಳಲ್ಲಿ ಅದು ಉಲ್ಲೇಖಿತವಾಗಿದೆ. ಮಹಿಳೆಯೊಬ್ಬರು ನಮಾಝಿಗೆಂದು ಮನೆಯಿಂದ ಹೊರಟಿದ್ದರು. ದಾರಿಯಲ್ಲಿ ಒಬ್ಬನು ಅವರನ್ನು ಹಿಡಿದು ಬಲಾತ್ಕಾರ ಮಾಡಿದನು. ಆಕೆ ಕೂಗಿಕೊಂಡಾಗ ಓಡಿಹೋದನು. ಅಷ್ಟರಲ್ಲಿ ಬೇರೊಬ್ಬ ವ್ಯಕ್ತಿ ಆ ದಾರಿಯಾಗಿ ಬಂದನು. ಇವನೇ ನನಗೆ ಹೀಗೆ ಮಾಡಿದವನು ಎಂದು ಆಕೆ ಅವನನ್ನು ತೋರಿಸಿದರು. ಮುಹಾಜಿರ್‌ಗಳ ಒಂದು ಗುಂಪು ಅವನನ್ನು ಹಿಡಿದು ಪ್ರವಾದಿವರ್ಯರ(ಸ) ಬಳಿಗೆ ತಂದಿತು. ಇನ್ನೇನು ಶಿಕ್ಷೆಯ ಆಜ್ಞೆಯಾಗಬೇಕು ಎನ್ನುವಾಗ ನಿಜವಾದ ಅಪರಾಧಿ ಎದ್ದು ನಿಂತು ತಪ್ಪೊಪ್ಪಿಕೊಂಡನು. ಅಲ್ಲಾಹನು ಕ್ಷಮಿಸಿದ್ದಾನೆಂದು ಹೇಳಿ ಪ್ರವಾದಿ(ಸ) ಆ ಮಹಿಳೆಯನ್ನು ಕಳುಹಿಸಿಕೊಟ್ಟರು. ತಪ್ಪಾಗಿ ಹಿಡಿಯಲ್ಪಟ್ಟವನಿಗೆ ಒಳ್ಳೆಯ ಮಾತು ಹೇಳಿದರು. ಶಿಕ್ಷೆ ಅಪರಾಧಿಗೆ ಮಾತ್ರ ವಿಧಿಸಲ್ಪಟ್ಟಿತು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಬೇಗ ಓದಿ ಮುಗಿಸಿಬಿಡುತ್ತೇವೆ. ಸ್ವಲ್ಪ ನಿಧಾನವಾಗಿ ಓದಿ ನೋಡಿ. ಆ ಹೊತ್ತಿನಲ್ಲಿ ಒಂಟಿಯಾಗಿ ಯಾಕೆ ಹೊರಟೆ ಎಂದು ಅಲ್ಲಿ ಯಾರೂ ಆಕೆಯನ್ನು ಕೇಳಲಿಲ್ಲ. ಯಾವ ಉಡುಪು ತೊಟ್ಟಿದ್ದೆ ಎಂದು ಕೇಳಲಿಲ್ಲ. ಮೊದಲೇ ಯಾಕೆ ಕೂಗಲಿಲ್ಲ ಎಂದು ಕೇಳಲಿಲ್ಲ. ಇನ್ನೂ ಒಂದು ವಿಷಯವಿದೆ. ಭಯದಿಂದ ನಡುಗುತ್ತಿದ್ದ ಆಕೆ ಗುರುತು ತಪ್ಪಿ ನಿರಪರಾಧಿಯೊಬ್ಬನನ್ನು ತೋರಿಸಿದ್ದರು. ಇಸ್ಲಾಮಿನಲ್ಲಿ ಸುಳ್ಳು ಆರೋಪವು ಸಣ್ಣ ವಿಷಯವಲ್ಲ, ಅದಕ್ಕೆ 80 ಛಡಿಯೇಟಿನ ಶಿಕ್ಷೆ ಇದೆ. ಹಾಗಿದ್ದರೂ ಆಕೆಯನ್ನು ಯಾರೂ ಸುಳ್ಳುಗಾತಿ ಎನ್ನಲಿಲ್ಲ. ಅಂತಹ ಆಘಾತದಲ್ಲಿ ಮನಸ್ಸು ಹೇಗೆ ಕಲಕಿಹೋಗುತ್ತದೆಂಬುದನ್ನು ಇಂದಿನ ವೈದ್ಯರು ಗ್ರಂಥಗಳನ್ನೇ ಬರೆದು ವಿವರಿಸುತ್ತಾರೆ. ಮದೀನಾದ ಆ ಸಭೆ ಅದನ್ನು ತನ್ನ ನಡವಳಿಕೆಯಲ್ಲೇ ತೋರಿಸಿತ್ತು.

ಈ ಹದೀಸ್ ನೆನಪಾದದ್ದು ಯುದ್ಧಕಾಲದಲ್ಲಿ ಹೆಣ್ಣಿನ ಮೇಲೆ ನಡೆಯುವ ಅತ್ಯಾಚಾರದ ಕುರಿತು ಓದುವಾಗ. ಬೋಸ್ನಿಯಾದ ಹೆಸರು ನಮ್ಮ ಹಿರಿಯ ಓದುಗರಿಗೆ ಮರೆತಿರಲಾರದು. 1992ರಿಂದ 1995ರ ವರೆಗೆ ಅಲ್ಲಿ ನಡೆದ ಯುದ್ಧದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬರುತ್ತಿತ್ತು. ಇಂದಿನ ಮಕ್ಕಳಿಗೆ ಅದು ತಿಳಿದಿಲ್ಲ. ಆದ್ದರಿಂದ ಒಂದೇ ಒಂದು ಊರಿನ ಕತೆ ಹೇಳುತ್ತೇನೆ.

ದ್ರಿನಾ ನದಿಯ ದಡದಲ್ಲಿ ಫೋಚಾ ಎಂಬ ಪಟ್ಟಣವಿದೆ. ಯುದ್ಧಕ್ಕೆ ಮೊದಲು ಆ ಪ್ರದೇಶದಲ್ಲಿ ಸುಮಾರು 40 ಸಾವಿರ ಜನರಿದ್ದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮುಸ್ಲಿಮರು, ಉಳಿದವರಲ್ಲಿ ಹೆಚ್ಚಿನವರು ಸರ್ಬರು. ಅಕ್ಕಪಕ್ಕದ ಮನೆ, ಒಂದೇ ಶಾಲೆ, ಒಂದೇ ಭಾಷೆ. 16ನೇ ಶತಮಾನದಲ್ಲಿ ಕಟ್ಟಿದ ಅಲಾಜಾ ಎಂಬ ಸುಂದರ ಮಸೀದಿ ಅಲ್ಲಿತ್ತು. 1992ರ ಎಪ್ರಿಲ್‌ನಲ್ಲಿ ಊರು ಸರ್ಬ್ ಪಡೆಗಳ ವಶವಾಯಿತು. ಗಂಡಸರನ್ನು ಊರಿನ ಜೈಲಿಗೆ ತಳ್ಳಲಾಯಿತು, ಅವರಲ್ಲಿ ಅನೇಕರು ಹಿಂದಿರುಗಲಿಲ್ಲ. ಮಸೀದಿಯನ್ನು ಸ್ಫೋಟಿಸಲಾಯಿತು. ಹೆಂಗಸರನ್ನೂ ಮಕ್ಕಳನ್ನೂ ಹೈಸ್ಕೂಲಿನಲ್ಲಿ, ಬಳಿಕ ಪಾರ್ಟಿಜಾನ್ ಎಂಬ ಕ್ರೀಡಾಭವನದಲ್ಲಿ ಕೂಡಿಹಾಕಲಾಯಿತು. ಪೊಲೀಸ್ ಠಾಣೆ ಅಲ್ಲೇ ಹತ್ತಿರದಲ್ಲಿತ್ತು. ರಾತ್ರಿ ಸೈನಿಕರು ಬಂದು ಬೇಕಾದವರನ್ನು ಬೆರಳು ತೋರಿಸಿ ಕರೆದೊಯ್ಯುತ್ತಿದ್ದರು. ಕೆಲವರನ್ನು ತಿಂಗಳುಗಟ್ಟಲೆ ಮನೆಗಳಲ್ಲಿ ದಾಸಿಯರಂತೆ ಇಟ್ಟುಕೊಂಡರು. ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು, ರಾತ್ರಿ ಅವರು ಹೇಳಿದ ಹಾಗೆ ಕೇಳಬೇಕು.

ಇಡೀ ಬೋಸ್ನಿಯಾದಲ್ಲಿ ಇಂತಹ ದೌರ್ಜನ್ಯಕ್ಕೊಳಗಾದವರು 20 ಸಾವಿರದಿಂದ 50 ಸಾವಿರದ ವರೆಗೆ ಎಂಬ ಅಂದಾಜುಗಳಿವೆ. ನಿಖರವಾದ ಲೆಕ್ಕ ಎಂದೂ ಸಿಗಲಾರದು. ಯಾಕೆಂದರೆ ಬಹುಪಾಲು ಮಂದಿ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದೇ ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ಆಕೆಗೆ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಈ ವಿಷಯವನ್ನು ಮನೆಯಲ್ಲಿ ಮಾತನಾಡಲು ನಾವು ಸಂಕೋಚಪಡುತ್ತೇವೆ. ಆದರೆ ತಿಳಿಯದೆ ಹೋದರೆ ಆಕೆಯ ನಡವಳಿಕೆಯನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತೇವೆ.

ದೇಹಕ್ಕಾದ ಗಾಯ ಕೆಲವೊಮ್ಮೆ ಬೇಗ ಮಾಯುತ್ತದೆ, ಕೆಲವೊಮ್ಮೆ ಜೀವಮಾನವಿಡೀ ಉಳಿಯುತ್ತದೆ. ಹೊಟ್ಟೆ ನೋವು, ಸೊಂಟ ನೋವು, ಸೋಂಕು, ಮುಟ್ಟಿನ ತೊಂದರೆ, ಮಕ್ಕಳಾಗದಿರುವುದು ಇವೆಲ್ಲ ಸಾಮಾನ್ಯ. ಕೆಲವರಿಗೆ ಒಳಗೆ ಹರಿದು ಮೂತ್ರ ಸದಾ ಸೋರುತ್ತಿರುತ್ತದೆ, ಶಸ್ತ್ರಚಿಕಿತ್ಸೆಯಾಗುವ ತನಕ ಅವರು ನಾಲ್ಕು ಜನರ ನಡುವೆ ಕುಳಿತುಕೊಳ್ಳುವಂತಿಲ್ಲ. ಇನ್ನೂ ಮೈ ಬೆಳೆಯದ ಹುಡುಗಿಯರಿಗೆ ಈ ಹಾನಿ ಹೆಚ್ಚು.

ಮನಸ್ಸಿನ ಗಾಯ ಹೊರಗೆ ಕಾಣಿಸುವುದಿಲ್ಲ. ನಡುರಾತ್ರಿ ಚೀರಿ ಏಳುತ್ತಾರೆ. ಬಾಗಿಲು ಬಡಿದರೆ ಬೆಚ್ಚುತ್ತಾರೆ. ಸಾರಾಯಿಯ ವಾಸನೆ, ಬೂಟಿನ ಸಪ್ಪಳ, ಗಡ್ಡ ಬಿಟ್ಟ ಒಂದು ಮುಖ, ಇಷ್ಟು ಸಾಕು, ಹತ್ತು ವರ್ಷದ ಹಿಂದಿನ ಆ ಕೋಣೆ ಕಣ್ಣೆದುರು ಬಂದು ನಿಲ್ಲುತ್ತದೆ. ಅದು ನೆನಪಾಗುವುದಲ್ಲ, ಮತ್ತೊಮ್ಮೆ ನಡೆದಂತೆಯೇ ಆಗುವುದು. ಇನ್ನು ಕೆಲವರು ಅಳುವುದೇ ಇಲ್ಲ. ಕಲ್ಲಿನಂತಿರುತ್ತಾರೆ, ಮಗು ಅತ್ತರೂ ತಿರುಗಿ ನೋಡುವುದಿಲ್ಲ. ಅಂಥವರನ್ನು ನೋಡಿ, ಇವಳಿಗೆ ಏನೂ ಆದಂತಿಲ್ಲ ಎಂದು ನೆರೆಹೊರೆಯವರು ಹೇಳುವುದುಂಟು. ನಿಜವಾಗಿ ಅವರೇ ಹೆಚ್ಚು ಜಖಂಗೊಂಡವರಾಗಿರಬಹುದು.

ಆ ಹೊತ್ತಿನಲ್ಲಿ ಕೈಕಾಲು ಆಡದೆ ಹೋದದ್ದು ಅನೇಕರನ್ನು ಕಾಡುತ್ತದೆ. ನಾನು ಯಾಕೆ ಒದೆಯಲಿಲ್ಲ, ಕಚ್ಚಲಿಲ್ಲ, ಓಡಲಿಲ್ಲ ಎಂದು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ತೀವ್ರ ಭಯದಲ್ಲಿ ದೇಹವು ಮರಗಟ್ಟುವುದು ಮನುಷ್ಯನ ಸ್ವಭಾವ. ಅದು ಒಪ್ಪಿಗೆಯಲ್ಲ. ಇದನ್ನು ಆಕೆಗೆ ಯಾರಾದರೂ ಹೇಳಬೇಕು, ಒಂದು ಬಾರಿಯಲ್ಲ, ಹಲವು ಬಾರಿ.

ಮುಸ್ಲಿಮ್ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಂತಹ ದೌರ್ಜನ್ಯಕ್ಕೊಳಗಾದವರಲ್ಲಿ ಕೆಲವರು ಮತ್ತೆ ಮತ್ತೆ ಸ್ನಾನ ಮಾಡುತ್ತಾರೆ, ಚರ್ಮ ಕೆಂಪೇರುವ ತನಕ ಉಜ್ಜಿಕೊಳ್ಳುತ್ತಾರೆ. ನಾನು ಅಶುದ್ಧಳು ಎಂಬ ಭಾವನೆ ಅವರನ್ನು ಬಿಡುವುದಿಲ್ಲ. ಮುಸಲ್ಲಾ ಹಾಸಲು ಕೈ ಬಾರದು. ಕುರ್‌ಆನ್ ಮುಟ್ಟಲು ಹೆದರುತ್ತಾರೆ. ಆಗ ಮನೆಯ ಹಿರಿಯರು ನಮಾಝ್ ಬಿಟ್ಟಿದ್ದಾಳೆ ಎಂದು ಗದರಿಸಿದರೆ ಹೇಗಾದೀತು? ಒಂದು ಗುಸ್ಲ್‌ನೊಂದಿಗೆ ಶರೀರದ ಅಶುದ್ಧಿ ಮುಗಿಯಿತು. ಉಳಿದದ್ದು ನಜಸ್ ಅಲ್ಲ, ಗಾಯ. ಗಾಯಕ್ಕೆ ಬೇಕಾದುದು ಗದರಿಕೆಯಲ್ಲ, ಚಿಕಿತ್ಸೆ.

ಹುಡುಗಿಯರ ಪಾಡು ಬೇರೆಯೇ. ಹನ್ನೆರಡು, ಹದಿನೈದು ವಯಸ್ಸಿನ ಮಕ್ಕಳು ಫೋಚಾದ ಆ ಕ್ರೀಡಾಭವನದಲ್ಲಿದ್ದರು. ಅಂಥ ಹುಡುಗಿಗೆ ಬೆಳೆಯುತ್ತಿರುವ ತನ್ನ ದೇಹವೇ ಶತ್ರುವಾಗಿ ಕಾಣುತ್ತದೆ. ಶಾಲೆ ನಿಲ್ಲುತ್ತದೆ. ಓದಲು ಕುಳಿತರೆ ಅಕ್ಷರ ಹತ್ತುವುದಿಲ್ಲ. ಸುದ್ದಿ ಹೊರಬೀಳುವ ಮೊದಲು ಯಾರಿಗಾದರೂ ಕಟ್ಟಿಬಿಡೋಣ ಎಂದು ಹೆತ್ತವರು ಅವಸರಪಡುತ್ತಾರೆ. ಆ ಮದುವೆಯ ಮೊದಲ ರಾತ್ರಿ ಅವಳಿಗೆ ಏನಾಗಿ ಕಾಣಿಸೀತು? ಹೆತ್ತವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮುಚ್ಚಿದ ಗಾಯ ಒಳಗೇ ಕೊಳೆಯುತ್ತದೆ.

ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಮೋನಿಕಾ ಹೌಸರ್ ಎಂಬ ಸ್ತ್ರೀರೋಗ ವೈದ್ಯೆಯೊಬ್ಬರು ಯುದ್ಧ ನಡೆಯುತ್ತಿರುವಾಗಲೇ ಬೋಸ್ನಿಯಾಕ್ಕೆ ಬಂದರು. 1993ರಲ್ಲಿ ಜೆನಿತ್ಸಾ ಎಂಬ ನಗರದಲ್ಲಿ ಅಲ್ಲಿನ ಮಹಿಳೆಯರನ್ನು ಸೇರಿಸಿಕೊಂಡು ಮೆಡಿಕಾ ಎಂಬ ಚಿಕಿತ್ಸಾ ಕೇಂದ್ರ ತೆರೆದರು. ಒಂದೇ ಸೂರಿನಡಿಯಲ್ಲಿ ವೈದ್ಯೆ, ಮನಃಶಾಸ್ತ್ರಜ್ಞೆ, ವಸತಿ, ಕಸುಬಿನ ತರಬೇತಿ ಎಲ್ಲವೂ ಸಿಗುತ್ತಿತ್ತು. ಎರಡು ದಶಕಗಳ ಬಳಿಕ ಅದೇ ಸಂಸ್ಥೆ ತನ್ನಲ್ಲಿಗೆ ಬಂದಿದ್ದ ಹಲವು ಮಹಿಳೆಯರನ್ನು ಮತ್ತೆ ಮಾತನಾಡಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಘಾತದ ಕಾಯಿಲೆಯ ಲಕ್ಷಣಗಳು ಇನ್ನೂ ಇದ್ದವು. ಒಂದು ಪೀಳಿಗೆಯೇ ಬೆಳೆದು ನಿಂತಿತ್ತು, ಆಕೆಗೆ ಮಾತ್ರ ಯುದ್ಧ ಮುಗಿದಿರಲಿಲ್ಲ.

ಇಷ್ಟೆಲ್ಲ ಸೈನಿಕರು ಮಾಡಿದ್ದು. ಇನ್ನು ನಾವು ಮಾಡುವುದನ್ನು ನೋಡೋಣ.

ನಮ್ಮ ಭಾಷೆಯನ್ನೇ ಗಮನಿಸಿ. 'ಮಾನ ಕಳೆದುಕೊಂಡಳು' ಎನ್ನುತ್ತೇವೆ. 'ಶೀಲ ಹೋಯಿತು' ಎನ್ನುತ್ತೇವೆ. 'ಕೆಟ್ಟುಹೋದಳು' ಎಂದೂ ಹೇಳುತ್ತೇವೆ. ಮನೆಗೆ ಕಳ್ಳ ನುಗ್ಗಿ ಒಡವೆ ದೋಚಿದರೆ ಮನೆಯೊಡತಿ ಪ್ರಾಮಾಣಿಕತೆ ಕಳೆದುಕೊಂಡಳು ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ಪಾಪ ಮಾಡಿದವನು ವಾಕ್ಯದಿಂದಲೇ ಮಾಯವಾಗುತ್ತಾನೆ, ಕಳೆದುಕೊಂಡವಳು ಆಕೆಯಾಗುತ್ತಾಳೆ. ಶೀಲವೆಂದರೆ ಮನುಷ್ಯ ತಾನಾಗಿ ಆರಿಸಿಕೊಳ್ಳುವ ನಡತೆ. ಅದನ್ನು ಇನ್ನೊಬ್ಬನು ಬಂದೂಕು ಹಿಡಿದು ಕಸಿಯಲು ಹೇಗೆ ಸಾಧ್ಯ? ಮಾನ ಹೋದದ್ದಿದ್ದರೆ ಅದು ಆ ಸೈನಿಕನದ್ದು.

ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಮದೀನಾದ ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್ ತನ್ನ ದಾಸಿಯರನ್ನು ಹಣಕ್ಕಾಗಿ ವೇಶ್ಯಾವೃತ್ತಿಗೆ ಬಲವಂತಪಡಿಸುತ್ತಿದ್ದನು. ಅವರು ಪ್ರವಾದಿವರ್ಯರಲ್ಲಿ(ಸ) ದೂರಿಕೊಂಡರು. ಆಗ ಅನ್ನೂರ್ ಅಧ್ಯಾಯದ 33ನೇ ಸೂಕ್ತ ಅವತೀರ್ಣವಾಯಿತು. ಹಾಗೆ ಬಲವಂತಪಡಿಸುವುದನ್ನು ಅಲ್ಲಾಹನು ಅದರಲ್ಲಿ ನಿಷೇಧಿಸಿದನು. ಬಲವಂತಕ್ಕೊಳಗಾದವರ ಪಾಲಿಗೆ ತಾನು ಕ್ಷಮಾಶೀಲನೂ ಕರುಣಾಳುವೂ ಆಗಿರುವುದಾಗಿ ತಿಳಿಸಿದನು. ಸಮಾಜದಲ್ಲಿ ಯಾವ ಸ್ಥಾನವೂ ಇಲ್ಲದ ದಾಸಿಯರಿಗಾಗಿ ಆಕಾಶದಿಂದ ಸೂಕ್ತ ಇಳಿಯಿತೆಂಬುದನ್ನು ನೆನಪಿಡಿ. ಸಹೀಹುಲ್ ಬುಖಾರಿಯಲ್ಲಿ ಹ. ಉಮರ್(ರ) ಅವರ ಒಂದು ತೀರ್ಪು ಇದೆ. ದಾಸಿಯೊಬ್ಬಳನ್ನು ಬಲಾತ್ಕರಿಸಿದವನಿಗೆ ಅವರು ಛಡಿಯೇಟು ಮತ್ತು ಗಡೀಪಾರಿನ ಶಿಕ್ಷೆ ಕೊಟ್ಟರು. ಆ ದಾಸಿಗೆ ಶಿಕ್ಷೆ ಕೊಡಲಿಲ್ಲ, ಯಾಕೆಂದರೆ ಆಕೆ ಬಲವಂತಕ್ಕೊಳಗಾದವಳು. ಪ್ರಾಣಭಯದಲ್ಲಿ ನಾಲಿಗೆಯಿಂದ ಸತ್ಯನಿಷೇಧದ ಮಾತು ಹೊರಟರೂ ಹೃದಯ ದೃಢವಾಗಿದ್ದರೆ ಅಂಥವನ ಮೇಲೆ ದೋಷವಿಲ್ಲ ಎನ್ನುತ್ತದೆ ಅನ್ನಹ್ಲ್ ಅಧ್ಯಾಯ. ಈಮಾನಿನ ವಿಷಯದಲ್ಲೇ ಹೀಗಿರುವಾಗ ಶರೀರದ ವಿಷಯದಲ್ಲಿ ಸಂಶಯವೇಕೆ?

ಬೋಸ್ನಿಯಾದ ಉಲಮಾಗಳು ಯುದ್ಧದ ದಿನಗಳಲ್ಲೇ ಇದನ್ನು ಸ್ಪಷ್ಟವಾಗಿ ಸಾರಿದರು. ಈ ಮಹಿಳೆಯರನ್ನು ಗೌರವದಿಂದ ಕಾಣಬೇಕು, ಅವರ ಮೇಲೆ ಯಾವ ಕಳಂಕವೂ ಇಲ್ಲ ಎಂದರು. ಅದರಿಂದ ಅನೇಕರಿಗೆ ಬಲ ಬಂತು. ಆದರೆ ಮಿಂಬರಿನ ಮಾತು ಅಡುಗೆಮನೆಯ ತನಕ ಇಳಿಯಲು ಬಹಳ ಸಮಯ ಹಿಡಿಯುತ್ತದೆ. ಕೆಲವು ಗಂಡಂದಿರು ಹೆಂಡತಿಯ ಜೊತೆ ನಿಂತರು. ಕೆಲವರು ಬಿಟ್ಟುಹೋದರು. ಇನ್ನು ಕೆಲವರು ಬಿಡಲೂ ಇಲ್ಲ, ಒಂದು ಮಾತು ಕೇಳಲೂ ಇಲ್ಲ, ಒಂದೇ ಮನೆಯಲ್ಲಿ ಮೌನವಾಗಿ ವರ್ಷಗಳನ್ನು ಕಳೆದರು.

1971ರ ಬಾಂಗ್ಲಾದೇಶದ ಕತೆ ನಮಗೆ ಇನ್ನೂ ಹತ್ತಿರದ್ದು, ಹಾಗೂ ಹೆಚ್ಚು ನಾಚಿಕೆಯದ್ದು. ಅಲ್ಲಿ ದೌರ್ಜನ್ಯ ನಡೆಸಿದ ಪಾಕಿಸ್ತಾನಿ ಸೈನಿಕರು ಕಲಿಮಾ ಹೇಳುವವರು. ಅವರಿಗೆ ನೆರವಾದವರಲ್ಲಿ ಸ್ಥಳೀಯ ಮುಸ್ಲಿಮರೂ ಇದ್ದರು. ಬಲಿಯಾದವರಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳೂ ಇದ್ದರು, ಹಿಂದೂ ಹೆಣ್ಣುಮಕ್ಕಳೂ ಇದ್ದರು. ಬಾಂಗ್ಲಾ ಸರಕಾರ ಹೇಳುವ ಸಂಖ್ಯೆ ಎರಡು ಲಕ್ಷ. ಬೋಸ್ನಿಯಾದಲ್ಲೂ ಎಲ್ಲ ಅಪರಾಧಿಗಳು ಒಂದೇ ಕಡೆಯವರಾಗಿರಲಿಲ್ಲ. ಚೆಲೆಬಿಚಿ ಎಂಬ ಶಿಬಿರದಲ್ಲಿ ಸರ್ಬ್ ಮಹಿಳೆಯರ ಮೇಲೆ ಅತ್ಯಾಚಾರ ಮಾಡಿದ್ದಕ್ಕಾಗಿ ಮುಸ್ಲಿಮ್ ಅಧಿಕಾರಿಯೊಬ್ಬನಿಗೆ 1998ರಲ್ಲಿ ಹೇಗ್‌ನ ನ್ಯಾಯಾಲಯ ಶಿಕ್ಷೆ ವಿಧಿಸಿತು. ನಮ್ಮವರು ಬಲಿಯಾದಾಗ ಮಾತ್ರ ಕಣ್ಣೀರು ಹಾಕುವುದು, ನಮ್ಮವರು ಅಪರಾಧಿಗಳಾದಾಗ ಪುಟ ಮಗುಚುವುದು ನ್ಯಾಯವಲ್ಲ. ಸ್ವಂತದವರ ವಿರುದ್ಧವಾದರೂ ಸರಿಯೇ, ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದಲ್ಲಿ ನಮಗೆ ಆಜ್ಞೆಯಾಗಿದೆ.

ಬಾಂಗ್ಲಾ ಸರಕಾರ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಆ ಮಹಿಳೆಯರಿಗೆ ವೀರಾಂಗನೆ ಎಂಬ ಗೌರವದ ಹೆಸರು ಕೊಟ್ಟಿತು. ಪುನರ್ವಸತಿ ಕೇಂದ್ರಗಳನ್ನು ತೆರೆಯಿತು, ಮದುವೆ ಮಾಡಿಸಲೂ ಪ್ರಯತ್ನಿಸಿತು. ಮುಂದೆ ಬಂದವರಲ್ಲಿ ಕೆಲವರು ದೊಡ್ಡ ಮೊತ್ತದ ವರದಕ್ಷಿಣೆ ಕೇಳಿದರು. ಹಳ್ಳಿಗಳಲ್ಲಿ ಜನ ಒಂದೇ ಒಂದು ಅಕ್ಷರ ಬದಲಿಸಿ ವೀರಾಂಗನೆಯನ್ನು ವಾರಾಂಗನೆ ಮಾಡಿಬಿಟ್ಟರು. ಈ ಕೊಂಕು ಕನ್ನಡದಲ್ಲೂ ಹಾಗೆಯೇ ಅರ್ಥವಾಗುತ್ತದೆ, ವಿವರಿಸಬೇಕಾಗಿಲ್ಲ. ಶಿಲ್ಪಿ ಫಿರ್ದೌಸಿ ಪ್ರಿಯಭಾಷಿಣಿ ತನ್ನ ಮೇಲೆ ನಡೆದುದನ್ನು ಬಹಿರಂಗವಾಗಿ ಹೇಳಲು ಮುಂದಾದದ್ದು ಯುದ್ಧ ಮುಗಿದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ವೀರಾಂಗನೆಯರನ್ನು ಸ್ವಾತಂತ್ರ್ಯ ಯೋಧರೆಂದು ಸರಕಾರ ಪಟ್ಟಿಗೆ ಸೇರಿಸತೊಡಗಿದ್ದು 2015ರಲ್ಲಿ. ಅಷ್ಟರಲ್ಲಿ ಅವರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದರು.

ಇನ್ನು ಮಕ್ಕಳ ಪ್ರಶ್ನೆ. ಇಂತಹ ದೌರ್ಜನ್ಯದಿಂದ ಗರ್ಭ ಧರಿಸಿದವಳು ಏನು ಮಾಡಬೇಕು? ಬೋಸ್ನಿಯಾದಿಂದ ಈ ಪ್ರಶ್ನೆ ಬಂದಾಗ ಶೈಖ್ ಯೂಸುಫ್ ಅಲ್ ಕರ್ದಾವಿಯವರಂತಹ ವಿದ್ವಾಂಸರು ಉತ್ತರಿಸಿದ್ದಾರೆ. ಆರಂಭದ ಹಂತದಲ್ಲಿ ಇಂತಹವಳಿಗೆ ವಿನಾಯಿತಿಗೆ ಅವಕಾಶವಿದೆ, ಆದರೆ ಹೆರಲು ನಿರ್ಧರಿಸಿದವಳ ಮೇಲೆ ಯಾವ ದೋಷವೂ ಇಲ್ಲ, ಗರ್ಭ ತೆಗೆಸೆಂದು ಆಕೆಯನ್ನು ಯಾರೂ ಒತ್ತಾಯಿಸುವಂತಿಲ್ಲ, ಆ ಮಗುವಿನ ಹೊಣೆ ಸಮಾಜದ್ದು ಎಂಬುದು ಅವರ ಮಾತಿನ ಸಾರ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲವೆಂಬ ಕುರ್‌ಆನಿನ ನಿಯಮ ಮಗುವಿಗೆ ಅನ್ವಯಿಸದಿದ್ದರೆ ಮತ್ತೆ ಯಾರಿಗೆ ಅನ್ವಯಿಸೀತು?

ಆ ಮಕ್ಕಳು ಈಗ ಮೂವತ್ತು ದಾಟಿದವರು. ಶಾಲೆಯಲ್ಲಿ, ಕಚೇರಿಯಲ್ಲಿ, ಎಲ್ಲೆಲ್ಲೂ ಅರ್ಜಿಯಲ್ಲಿ ತಂದೆಯ ಹೆಸರು ಕೇಳುವ ಸಾಲಿನ ಮುಂದೆ ಅವರ ಪೆನ್ನು ನಿಲ್ಲುತ್ತಿತ್ತು. ಅವರಲ್ಲೊಬ್ಬರಾದ ಅಯ್ನಾ ಯೂಸಿಚ್ ತನ್ನ ಹುಟ್ಟಿನ ಸತ್ಯವನ್ನು ತಿಳಿದದ್ದು ಹದಿಹರೆಯದಲ್ಲಿ, ತಾಯಿಯ ಕಾಗದಪತ್ರ ಕೈಗೆ ಸಿಕ್ಕಿದಾಗ. ಮುಂದೆ ಅವರು ತನ್ನಂಥವರೊಂದಿಗೆ ಸೇರಿ ಯುದ್ಧದ ಮರೆತುಹೋದ ಮಕ್ಕಳು ಎಂಬ ಸಂಘವನ್ನು ಕಟ್ಟಿದರು. 2023ರಲ್ಲಿ ಬೋಸ್ನಿಯಾದ ಫೆಡರೇಶನ್ ಪ್ರಾಂತ ಈ ಮಕ್ಕಳನ್ನು ಕಾನೂನಿನಲ್ಲಿ ಗುರುತಿಸಿತು. ತಾಯಂದಿರನ್ನು ಅದೇ ಪ್ರಾಂತ ಯುದ್ಧಸಂತ್ರಸ್ತರೆಂದು ಗುರುತಿಸಿ ಮಾಸಾಶನಕ್ಕೆ ಅರ್ಹರನ್ನಾಗಿಸಿದ್ದು 2006ರಲ್ಲಿ. ಫೋಚಾ ಈಗ ಇರುವುದು ಸರ್ಬ್ ಪ್ರಾಂತದಲ್ಲಿ. ಅಲ್ಲಿ ಅಂತಹ ಕಾನೂನು ಬರಲು 2018ರ ವರೆಗೆ ಕಾಯಬೇಕಾಯಿತು. ಊರಿಗೆ ಮರಳಿದವರು ಪೇಟೆಯಲ್ಲಿ ತಮ್ಮನ್ನು ಹಿಂಸಿಸಿದವರನ್ನು ಎದುರಾದದ್ದೂ ಇದೆ.

ಆದರೂ ಕೆಲವರು ಬಾಯಿ ಬಿಟ್ಟರು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಹೆಸರು ಮರೆಮಾಚಿ, ಪರದೆಯ ಹಿಂದೆ ಕುಳಿತು ಸಾಕ್ಷಿ ಹೇಳಿದರು. ಲೇಖನದ ಮೊದಲಿಗೆ ಹೇಳಿದ ಹದೀಸಿಗೆ ಇಲ್ಲೊಂದು ನಂಟಿದೆ. ಫುರುಂಜಿಯಾ ಎಂಬ ಕ್ರೊಯೇಟ್ ಕಮಾಂಡರನ ಮೊಕದ್ದಮೆಯಲ್ಲಿ ಅವನ ವಕೀಲರು, ಸಾಕ್ಷಿ ಹೇಳಿದ ಮುಸ್ಲಿಮ್ ಮಹಿಳೆ ಮೆಡಿಕಾದಲ್ಲಿ ಮಾನಸಿಕ ಚಿಕಿತ್ಸೆ ಪಡೆದವಳು, ಆಕೆಯ ನೆನಪನ್ನು ನಂಬುವಂತಿಲ್ಲ ಎಂದು ವಾದಿಸಿದರು. 1998ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ಆಘಾತಕ್ಕೊಳಗಾದವಳೆಂಬ ಕಾರಣಕ್ಕೆ ಆಕೆ ಸುಳ್ಳು ಹೇಳುವವಳಾಗುವುದಿಲ್ಲ ಎಂಬುದು ಅವರ ನಿಲುವು. ಅವನಿಗೆ 10 ವರ್ಷದ ಸಜೆಯಾಯಿತು.

ನಮ್ಮ ಊರಿನಲ್ಲಿ ಯುದ್ಧವಿಲ್ಲ, ಇದೆಲ್ಲ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಯುದ್ಧವಿಲ್ಲದೆಯೂ ಹೆಣ್ಣಿನ ಮೇಲೆ ಬಲಾತ್ಕಾರ ನಡೆಯುತ್ತದೆ. ಆಗ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು ಯಾವುದು? 'ಯಾರಿಗೂ ಹೇಳಬೇಡ' ಎಂಬುದೇ ಅಲ್ಲವೇ? ಆಕೆಯ ಗುಟ್ಟನ್ನು ಕಾಪಾಡುವುದು ಒಂದು, ಆಕೆಯ ಬಾಯಿ ಮುಚ್ಚಿಸುವುದು ಇನ್ನೊಂದು. ಇವೆರಡನ್ನೂ ನಾವು ಒಂದೇ ಎಂದುಕೊಂಡಿದ್ದೇವೆ. ಗುಟ್ಟು ಆಕೆಯದ್ದು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಆಕೆಯೇ ನಿರ್ಧರಿಸಲಿ. ತಾಯಂದಿರೇ, ಮಗಳು ಹೇಳಲು ಬಂದಾಗ ಕೈಯಲ್ಲಿರುವ ಕೆಲಸ ಬಿಟ್ಟು ಕುಳಿತುಕೊಳ್ಳಿ. ಯಾಕೆ, ಹೇಗೆ ಎಂದು ಕೆದಕಬೇಡಿ. ನಿನ್ನದು ತಪ್ಪಿಲ್ಲ ಎಂದು ಹೇಳಿ. ತಂದೆಯರಿಗೂ ಒಂದು ಮಾತು: ನಿಮ್ಮ ಕೋಪ ಸಹಜ, ಆದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ದಿನಗಳೊಳಗೆ ಹೋದರೆ ಸೋಂಕು ಮತ್ತು ಗರ್ಭವನ್ನು ತಡೆಯುವ ಔಷಧಿಗಳು ಕೆಲಸಕ್ಕೆ ಬರುತ್ತವೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮನೋವೈದ್ಯರ ಬಳಿ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಜ್ವರ ಬಂದಾಗ ನಾವು ವೈದ್ಯರಲ್ಲಿಗೆ ಹೋಗುವುದಿಲ್ಲವೇ?

ನೆರೆಮನೆಯವರಾಗಿ ನಮ್ಮ ಪಾಲಿನದ್ದು ನಾಲಿಗೆಯ ಕೆಲಸ. ಹ. ಆಯಿಶಾ(ರ) ಅವರ ಮೇಲೆ ಅಪವಾದ ಹಬ್ಬಿದಾಗ, ಕೇಳಿದೊಡನೆಯೇ ಒಳ್ಳೆಯದನ್ನು ಯಾಕೆ ಭಾವಿಸಲಿಲ್ಲವೆಂದು ಅನ್ನೂರ್ ಅಧ್ಯಾಯದಲ್ಲಿ ವಿಶ್ವಾಸಿಗಳನ್ನೇ ತರಾಟೆಗೆ ತೆಗೆದುಕೊಳ್ಳಲಾಗಿದೆ. ಮದುವೆ ಸಂಬಂಧ ಕೇಳಲು ಬಂದವರೆದುರು 'ಆ ಹುಡುಗಿಗೆ ಹಿಂದೆ ಏನೋ ಆಗಿತ್ತಂತೆ' ಎಂದು ಅರ್ಧ ಮಾತು ಆಡಿ ಎದ್ದುಹೋಗುವವರು ಆ ಸೂಕ್ತವನ್ನು ಒಮ್ಮೆ ಬಿಡಿಸಿ ಓದಲಿ.

ಫೋಚಾದ ಮೊಕದ್ದಮೆಯ ತೀರ್ಪು ಬಂದದ್ದು 2001ರ ಫೆಬ್ರವರಿ 22ರಂದು. ಕುನರಾಟ್ಸ್, ಕೊವಾಚ್, ವುಕೊವಿಚ್ ಎಂಬ ಮೂವರಿಗೆ 28, 20 ಮತ್ತು 12 ವರ್ಷಗಳ ಸಜೆಯಾಯಿತು. ಹೆಣ್ಣನ್ನು ಹೀಗೆ ದಾಸ್ಯದಲ್ಲಿಡುವುದು ಮಾನವಕುಲದ ವಿರುದ್ಧದ ಅಪರಾಧವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ತೀರ್ಪು ಕೊಟ್ಟದ್ದು ಅದೇ ಮೊದಲು. ಪರದೆಯ ಹಿಂದಿನಿಂದ ಮಾತನಾಡಿದ ಆ ಮಹಿಳೆಯರಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಅಲಾಜಾ ಮಸೀದಿಯನ್ನೂ ಉಳಿದ ಕಲ್ಲುಗಳನ್ನು ಹುಡುಕಿ ತಂದು ಮರಳಿ ಕಟ್ಟಲಾಯಿತು, 2019ರ ಮೇ ತಿಂಗಳಲ್ಲಿ ಅದು ಮತ್ತೆ ತೆರೆಯಿತು.

ಅದೇ ತೀರ್ಪಿನಲ್ಲಿ ಒಬ್ಬ ಹುಡುಗಿಯ ವಿಷಯವಿದೆ. ಆಗ ಅವಳಿಗೆ 12 ವರ್ಷ. ಕೊವಾಚ್ ಅವಳನ್ನು ಕೆಲವು ದಿನ ತನ್ನ ಮನೆಯಲ್ಲಿಟ್ಟುಕೊಂಡು, ಬಳಿಕ ಇನ್ನೊಬ್ಬ ಸೈನಿಕನಿಗೆ 200 ಜರ್ಮನ್ ಮಾರ್ಕಿಗೆ ಮಾರಿದನು. ಆಮೇಲೆ ಅವಳನ್ನು ಕಂಡವರಿಲ್ಲ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನೊಡನೆ, ಯಾವ ಪಾಪಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ಪ್ರಶ್ನಿಸಲಾಗುವ ಒಂದು ದಿನದ ಬಗ್ಗೆ ಅತ್ತಕ್ವೀರ್ ಅಧ್ಯಾಯವು ನಮಗೆ ತಿಳಿಸುತ್ತದೆ. ಆ ದಿನ ಪ್ರಶ್ನೆ ಕೇಳಲ್ಪಡುವುದು ಅವಳೊಡನೆ, ಉತ್ತರ ಕೊಡಬೇಕಾದವರು ಬೇರೆಯವರು.